ಬೆಂಕಿಯಿಲ್ಲದೆ ಏರಿದ ಕರಿ ಕೊಟ್ಟೆ

ಕಾರವಾರದ ಟ್ಯಾಗೋರ್ ಕಡಲತೀರ, ಮಟಮಟ ಮಧ್ಯಾಹ್ನ. ಐದು ಮೀಟರ್ ಉದ್ದದ ಕರಿ ಪ್ಲಾಸ್ಟಿಕ್ ಚೀಲವೊಂದು ಕೆಸರಲ್ಲಿ ಬಿದ್ದ ಎಮ್ಮೆಯ ಹಾಗೆ ಮರಳ ಮೇಲೆ ಹೊರಳುತ್ತಿತ್ತು. ಸುತ್ತ ಎಂಟನೇ ಕ್ಲಾಸಿನ ಇಪ್ಪತ್ತು ಮಕ್ಕಳು. ವಾರಗಟ್ಟಲೆ ಕೂತು ಟೇಪು ಅಂಟಿಸಿದ್ದರು. ಮೇಲೆ ಯಕ್ಷಗಾನದ ಬಣ್ಣದ ವೇಷದ ಮುಖ ಬರೆದಿದ್ದರು. “ಬಿಸಿಲು ಜಾಸ್ತಿ ಇದ್ದಷ್ಟೂ ಒಳ್ಳೆಯದು, ತಾನಾಗಿಯೇ ಏರುತ್ತದೆ” ಎಂದು ಹೇಳಿ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದವನು ನಾನು. ಅದು ಏರಲಿಲ್ಲ. ಒಮ್ಮೆ ಅರ್ಧ ಎದ್ದು ನಿಂತಿತು, ಗಾಳಿಗೆ ಹೊಟ್ಟೆ ಒಳಗೆ ಸರಿಯಿತು, ಮತ್ತೆ ಮಲಗಿತು.

ಪಕ್ಕದಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದ ಹಿರಿಯರೊಬ್ಬರು ನೋಡಿ ನೋಡಿ ಕೊನೆಗೆ ಅಂದರು: “ಮಾಸ್ತರ್ರೇ, ಕಡಲ ಗಾಳಿ ಎದ್ದಾಯ್ತಲ್ಲ. ಬೆಳಿಗ್ಗೆನೇ ಬರಬೇಕಿತ್ತು.”

ಅರ್ಧ ಪಾಠ ಆ ಮಾತಿನಲ್ಲೇ ಇತ್ತು. ಉಳಿದರ್ಧ ಕಲಿಯಲು ನಾವು ಘಟ್ಟ ಹತ್ತಬೇಕಾಯಿತು.

ನಾವು ಹಾರಿಸಲು ಹೊರಟಿದ್ದು ಸೌರ ಬಲೂನು. ಇದರಲ್ಲಿ ಗ್ಯಾಸ್ ಇಲ್ಲ, ಬರ್ನರ್ ಇಲ್ಲ, ಬ್ಯಾಟರಿ ಇಲ್ಲ. ಸೋಲಾರ್ ಅಂದ ಕೂಡಲೇ ಎಲ್ಲರಿಗೂ ಮಾಡಿನ ಮೇಲಿನ ಪ್ಯಾನೆಲ್ ನೆನಪಾಗುತ್ತದೆ. ಇಲ್ಲಿ ಅದೂ ಇಲ್ಲ. ತೆಳು ಪ್ಲಾಸ್ಟಿಕ್ ಚೀಲ, ಒಳಗೆ ಬರೀ ಗಾಳಿ, ಹೊರಗೆ ಬಿಸಿಲು. ಇಷ್ಟೇ.

ಇದನ್ನು ಕಲೆಯಾಗಿ ಬೆಳೆಸಿದವರಲ್ಲಿ ದೊಡ್ಡ ಹೆಸರು ಅರ್ಜೆಂಟೀನಾದ ಕಲಾವಿದ ತೊಮಾಸ್ ಸರಸೇನೋ ಅವರದು. 2007ರಲ್ಲಿ ಶುರುವಾದ ‘ಮ್ಯೂಸಿಯೋ ಏರೋ ಸೋಲಾರ್’ ಎಂಬ ಕೆಲಸದಲ್ಲಿ ಊರ ಜನ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚೀಲಗಳನ್ನು ಒಟ್ಟು ಮಾಡುತ್ತಾರೆ. ಅವನ್ನು ಕತ್ತರಿಸಿ, ಬಿಡಿಸಿ, ಒಂದಕ್ಕೊಂದು ಅಂಟಿಸಿ, ಮೇಲೆ ಚಿತ್ರ ಬರೆದು, ಮನೆಯಷ್ಟು ದೊಡ್ಡ ಬಲೂನು ಮಾಡುತ್ತಾರೆ. ಜನ ಅದರ ಒಳಗೇ ಹೋಗಿ ಓಡಾಡಬಹುದು. ಬಿಸಿಲು ಬಿದ್ದಾಗ ಅದು ಎದ್ದು ತೇಲುತ್ತದೆ. ಇದರ ಮುಂದುವರಿಕೆಯೇ ‘ಏರೋಸೀನ್’. ಈ ತಂಡದ ಜೊತೆ ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದ ವಾತಾವರಣ ವಿಜ್ಞಾನಿಗಳೂ ಕೈಜೋಡಿಸಿದರು. 2020ರ ಜನವರಿಯಲ್ಲಿ ಅರ್ಜೆಂಟೀನಾದ ಸಲಿನಾಸ್ ಗ್ರಾಂದೆಸ್ ಎಂಬ ಉಪ್ಪಿನ ಬಯಲಿನಲ್ಲಿ ಲೆತಿಸಿಯಾ ಮಾರ್ಕೆಸ್ ಎಂಬ ಪೈಲಟ್ ಹೀಗೆಯೇ ಬರೀ ಬಿಸಿಲಿನ ಬಲದಿಂದ ಹಾರಿದರು. 32 ವಿಶ್ವ ದಾಖಲೆ ಆಯಿತು. ಬಲೂನಿನ ಮೇಲೆ ಅಲ್ಲಿನ ಮೂಲನಿವಾಸಿಗಳ ಮಾತು ಬರೆದಿತ್ತು: ಲಿಥಿಯಂಗಿಂತ ನೀರು, ಜೀವ ದೊಡ್ಡದು. ಆ ಉಪ್ಪಿನ ನೆಲದ ಕೆಳಗೆ ಲಿಥಿಯಂ ಇದೆ, ನಮ್ಮ ಫೋನುಗಳ ಬ್ಯಾಟರಿಗೆ ಬೇಕಾದ ಲೋಹ. ಅದನ್ನು ತೆಗೆಯಲು ಹೋದರೆ ತಮ್ಮ ನೀರು ಹೋಗುತ್ತದೆ ಎಂಬುದು ಅವರ ಭಯ.

ಅದು ಅವರ ಜಗಳ, ಅವರ ಕಲೆ. ನನಗೆ ಬೇಕಾಗಿದ್ದದ್ದು ಬೇರೆ. ‘ವಾತಾವರಣ’ ಎಂಬ ಪಾಠವನ್ನು ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ. ಪದರಗಳ ಹೆಸರು ಹೇಳುತ್ತಾರೆ, ಸಾರಜನಕ ಎಷ್ಟು ಆಮ್ಲಜನಕ ಎಷ್ಟು ಎಂದು ಹೇಳುತ್ತಾರೆ. ಆದರೆ ತಾವು ನಿಂತಿರುವುದೇ ಅದರ ತಳದಲ್ಲಿ ಎಂಬುದು ಯಾರಿಗೂ ಅನಿಸಿರುವುದಿಲ್ಲ. ಗಾಳಿ ಕಾಣುವುದಿಲ್ಲವಲ್ಲ. ಅದನ್ನು ಕಾಣಿಸುವ ಸಾಧನ ಈ ಚೀಲ.

ಮೊದಲು ತೂಕದ ಲೆಕ್ಕ. ಗಾಳಿಗೆ ತೂಕ ಇದೆ ಎಂದರೆ ಮಕ್ಕಳು ತಲೆಯಾಡಿಸುತ್ತಾರೆ, ನಂಬುವುದಿಲ್ಲ. ಅದಕ್ಕೆ ಅವರ ಕ್ಲಾಸ್‌ರೂಮನ್ನೇ ಅಳೆಸಿದೆ. ಉದ್ದ ಆರು ಮೀಟರ್, ಅಗಲ ಆರು, ಎತ್ತರ ಮೂರು. 108 ಘನ ಮೀಟರ್. ಕರಾವಳಿಯ ಮಾಮೂಲು ಸೆಕೆಯಲ್ಲಿ, ಅಂದರೆ 30 ಡಿಗ್ರಿಯಲ್ಲಿ, ಒಂದು ಘನ ಮೀಟರ್ ಗಾಳಿ ಸುಮಾರು 1.16 ಕಿಲೋ ತೂಗುತ್ತದೆ. ಗುಣಿಸಿದರೆ 125 ಕಿಲೋ. ಐವತ್ತು ಕಿಲೋದ ಅಕ್ಕಿ ಚೀಲ ಎರಡೂವರೆ! ಖಾಲಿ ಕೋಣೆ ಅಂದುಕೊಂಡದ್ದರಲ್ಲಿ ಅಷ್ಟು ಸಾಮಾನು ತುಂಬಿದೆ.

ಇನ್ನು ತೇಲುವುದು. ಬಾವಿಯಲ್ಲಿ ಕೊಡ ಸೇದಿದವರಿಗೆ ಇದು ಗೊತ್ತೇ ಇದೆ. ತುಂಬಿದ ಕೊಡ ನೀರೊಳಗೆ ಇರುವಷ್ಟು ಹೊತ್ತು ಹಗುರ. ನೀರಿನಿಂದ ಮೇಲೆ ಬಂದ ಕೂಡಲೇ ಹಗ್ಗ ಕೈ ಕೊರೆಯುತ್ತದೆ. ಕೊಡ ಎಷ್ಟು ಜಾಗದ ನೀರನ್ನು ಸರಿಸಿದೆಯೋ ಅಷ್ಟು ನೀರಿನ ತೂಕದಷ್ಟು ಬಲ ಅದನ್ನು ಮೇಲಕ್ಕೆ ಎತ್ತುತ್ತಿರುತ್ತದೆ. ಆರ್ಕಿಮಿಡೀಸ್ ಹೇಳಿದ್ದು ಇದನ್ನೇ. ಗಾಳಿಯಲ್ಲೂ ಇದೇ ನಿಯಮ. ನಾವೆಲ್ಲ ಗಾಳಿಯ ಬಾವಿಯಲ್ಲಿ ಮುಳುಗಿದ ಕೊಡಗಳೇ. ಆದರೆ ನಾವು ತುಂಬಾ ಭಾರ, ಆ ಎತ್ತುವ ಬಲ ನಮಗೆ ಗೊತ್ತಾಗುವುದಿಲ್ಲ. ತೆಳು ಚೀಲಕ್ಕೆ ಗೊತ್ತಾಗುತ್ತದೆ.

ಗಾಳಿ ಬಿಸಿಯಾದರೆ ಹಿಗ್ಗುತ್ತದೆ. ಹಿಗ್ಗಿದರೆ ಅದೇ ಚೀಲದಲ್ಲಿ ಹಿಡಿಸುವ ಗಾಳಿ ಕಮ್ಮಿಯಾಗುತ್ತದೆ, ಉಳಿದದ್ದು ಬಾಯಿಯಿಂದ ಹೊರಗೆ ಹೋಗುತ್ತದೆ. ಒಳಗಿನ ಗಾಳಿ ಹಗುರ, ಹೊರಗಿನದು ಭಾರ. ಈ ಎರಡರ ನಡುವಿನ ವ್ಯತ್ಯಾಸವೇ ಬಲೂನನ್ನು ಎತ್ತುವ ಬಲ. ಇಲ್ಲಿಯೇ ನಾನು ಎಡವಿದ್ದು. ಬಿಸಿ ಮುಖ್ಯ ಅಂದುಕೊಂಡಿದ್ದೆ. ಮುಖ್ಯವಾದದ್ದು ಬಿಸಿ ಅಲ್ಲ, ವ್ಯತ್ಯಾಸ.

ನಮ್ಮ ಚೀಲದ ಲೆಕ್ಕ ನೋಡಿ. ಅಡ್ಡಳತೆ ಒಂದೂವರೆ ಮೀಟರ್, ಉದ್ದ ಐದು. ಒಳಗೆ ಸುಮಾರು 8.8 ಘನ ಮೀಟರ್ ಜಾಗ. ಪ್ಲಾಸ್ಟಿಕ್ಕಿನ ತೂಕವೇ ಅರ್ಧ ಕಿಲೋ. ಆ ಮಧ್ಯಾಹ್ನ ಹೊರಗೆ 33 ಡಿಗ್ರಿ. ಬಿಸಿಲೇನೋ ರಣರಣ ಇತ್ತು, ಆದರೆ ಕಡಲ ಗಾಳಿ ಚೀಲದ ಮೈಯನ್ನು ಬೀಸಿ ಬೀಸಿ ತಣಿಸುತ್ತಿತ್ತು. ಒಳಗೆ 48 ದಾಟಲೇ ಇಲ್ಲ. ಹದಿನೈದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಘನ ಮೀಟರ್‌ಗೆ ಸಿಗುವ ಬಲ 54 ಗ್ರಾಂ. ಒಟ್ಟು 475 ಗ್ರಾಂ. ಚೀಲ ಅರ್ಧ ಕಿಲೋ, ಅದರ ಮೇಲೆ ಟೇಪು, ಮತ್ತೆ ಬಣ್ಣದ ವೇಷದ ಮುಖಕ್ಕೆ ದಪ್ಪಗೆ ಬಳಿದ ಪೋಸ್ಟರ್ ಬಣ್ಣ. ಹೇಗೆ ಏರೀತು ಹೇಳಿ?

ಬಣ್ಣದ ವಿಷಯದಲ್ಲಿ ಮಕ್ಕಳಲ್ಲೇ ಎರಡು ಪಕ್ಷ ಆಯಿತು. ಚಿತ್ರ ಬಿಡೋಣ ಅಂತ ಕೆಲವರು, ಚಿತ್ರ ಇಲ್ಲದಿದ್ದರೆ ಅದು ಕಸದ ಚೀಲ ಅಷ್ಟೇ ಅಂತ ಕೆಲವರು. ನನಗೆ ಎರಡನೆಯವರ ಮಾತೇ ಸರಿ ಅನಿಸಿತು. ಆದರೆ ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ, ದಪ್ಪ ಬಣ್ಣ ತೂಕ ಹಾಕುತ್ತದೆ. ಕೊನೆಗೆ ಒಬ್ಬ ಹುಡುಗಿ ದಾರಿ ತೋರಿಸಿದಳು. ಬಣ್ಣ ಬಳಿಯುವುದು ಬೇಡ, ಕರಿ ಪ್ಲಾಸ್ಟಿಕ್ಕನ್ನೇ ಕತ್ತರಿಸಿ ಆ ಜಾಗಕ್ಕೆ ತೆಳು ಕೆಂಪು ಪ್ಲಾಸ್ಟಿಕ್ ಕೂರಿಸೋಣ ಅಂದಳು. ಚಿತ್ರವೇ ಚೀಲ, ಚೀಲವೇ ಚಿತ್ರ. ಬಣ್ಣದ ತೂಕ ಒಂದು ಗ್ರಾಮೂ ಇಲ್ಲ. ಈ ಸಲ ಬರೆದದ್ದು ಕಾವಿ ಕಲೆಯ ಹೂಬಳ್ಳಿ, ನಮ್ಮ ಕಡೆಯ ಹಳೆ ದೇವಸ್ಥಾನದ ಗೋಡೆಗಳಲ್ಲಿ ಕೆಮ್ಮಣ್ಣಿನ ಬಣ್ಣದಲ್ಲಿ ಕಾಣುತ್ತದಲ್ಲ, ಅದು.

ಪ್ಲಾಸ್ಟಿಕ್ ಎಲ್ಲಿಂದ ತಂದಿರಿ ಎಂದು ಕೇಳಬೇಡಿ. ಕರ್ನಾಟಕದಲ್ಲಿ 2016ರಿಂದಲೇ ಕೈಚೀಲ ನಿಷೇಧ. ಆದರೂ ಎರಡು ದಿನದಲ್ಲಿ ಮಕ್ಕಳು ಮನೆಮನೆಯಿಂದ ಗೋಣಿಗಟ್ಟಲೆ ತಂದು ಸುರಿದರು. ಆಮೇಲೆ ಘಟ್ಟದ ಮೇಲೆ ನಮ್ಮ ಜೊತೆ ಸೇರಿದ ಶಿರಸಿ ಕಡೆಯ ಮಕ್ಕಳ ಹತ್ತಿರವಂತೂ ತೋಟದ ಕೊಟ್ಟೆಯೇ ಇತ್ತು. ಮಳೆಗಾಲದಲ್ಲಿ ಕೊಳೆ ರೋಗ ಬರದ ಹಾಗೆ ಅಡಿಕೆ ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ. ಅದು ಪಾರದರ್ಶಕ, ಕರಿ ಅಲ್ಲ, ಹಾಗಾಗಿ ಅದನ್ನು ಕೊನೆಯ ಪ್ರಯೋಗಕ್ಕೆ ಎತ್ತಿಟ್ಟೆವು.

“ಕರಿ ಬಣ್ಣವೇ ಎಂತಕ್ಕೆ?” ಎಂದು ಅಲ್ಲಿ ಒಬ್ಬ ಕೇಳಿದ. ಅವನ ಮನೆ ಅಂಗಳದಲ್ಲೇ ಉತ್ತರ ಇತ್ತು. ಸೋಲಾರ್ ಹೀಟರಿನ ಕೊಳವೆ ಕರಿ ಇರುತ್ತದೆ. ಬೆಳಕು ಬಿದ್ದರೆ ಕರಿ ಮೈ ಅದನ್ನು ನುಂಗಿ ಬಿಸಿಯಾಗುತ್ತದೆ, ಮುಟ್ಟಿದ ಗಾಳಿಗೆ ಆ ಬಿಸಿ ಕೊಡುತ್ತದೆ. ನಮ್ಮ ಚೀಲದ ಒಂದು ಮಗ್ಗುಲು ಏಳೂವರೆ ಚದರ ಮೀಟರ್. ಬೆಳಗಿನ ಓರೆ ಬಿಸಿಲಲ್ಲೂ ಅದರ ಮೇಲೆ ನಾಲ್ಕು ಸಾವಿರ ವ್ಯಾಟಿನಷ್ಟು ಬೆಳಕು ಬೀಳುತ್ತದೆ. ನೀರು ಕಾಯಿಸುವ ಕಾಯಿಲ್ ಎರಡು ಮೂರು ಒಟ್ಟಿಗೆ ಹಚ್ಚಿಟ್ಟ ಹಾಗೆ.

ದೊಡ್ಡದಾದಷ್ಟೂ ಸುಲಭ ಎನ್ನುವುದು ಮಾತ್ರ ಮಕ್ಕಳಿಗೆ ವಿಚಿತ್ರ ಅನಿಸಿತು. ಚೀಲದ ಎಲ್ಲಾ ಅಳತೆಯನ್ನೂ ಎರಡು ಪಟ್ಟು ಮಾಡಿದರೆ ಪ್ಲಾಸ್ಟಿಕ್ ನಾಲ್ಕು ಪಟ್ಟು ಬೇಕು. ಒಳಗಿನ ಗಾಳಿ ಎಂಟು ಪಟ್ಟಾಗುತ್ತದೆ. ತೂಕ ನಾಲ್ಕರಷ್ಟು, ಎತ್ತುವ ಬಲ ಎಂಟರಷ್ಟು. ಸರಸೇನೋ ಅವರ ಬಲೂನುಗಳು ಬಣ್ಣಬಣ್ಣದ ಹಳೆ ಚೀಲದವಾದರೂ ಏರುವುದಕ್ಕೆ ಇದೂ ಒಂದು ಕಾರಣ. ಬರ್ತ್‌ಡೇ ಬಲೂನಿನಷ್ಟು ಚಿಕ್ಕ ಸೌರ ಬಲೂನು ಮಾಡಿದರೆ ಅದು ಬಿಸಿಯಾಗುತ್ತದೆ, ಮಲಗಿಯೇ ಇರುತ್ತದೆ.

ಬಿಸಿ ಗಾಳಿಯ ಬಗ್ಗೆ ಹಳೇ ತಪ್ಪೊಂದು ಇದೆ, ಮಕ್ಕಳು ಇವತ್ತಿಗೂ ಅದನ್ನೇ ಹೇಳುತ್ತಾರೆ: ಹೊಗೆ ಮೇಲೆ ಹೋಗುತ್ತದೆ, ಆದ್ದರಿಂದ ಬಲೂನು ಏರುತ್ತದೆ. 1783ರಲ್ಲಿ ಫ್ರಾನ್ಸಿನಲ್ಲಿ ಮೊದಲ ಬಿಸಿಗಾಳಿ ಬಲೂನು ಹಾರಿಸಿದ ಮಾಂಗೋಲ್ಫಿಯೇ ಅಣ್ಣತಮ್ಮಂದಿರೂ ಹೊಗೆಯಲ್ಲೇ ಏನೋ ವಿಶೇಷ ಇದೆ ಅಂದುಕೊಂಡಿದ್ದರು. ಸೌರ ಬಲೂನಿನಲ್ಲಿ ಹೊಗೆಯೇ ಇಲ್ಲ. ಆ ತಪ್ಪು ತಾನಾಗಿಯೇ ಬಿದ್ದುಹೋಗುತ್ತದೆ.

ಈಗ ಕಡಲ ಗಾಳಿಗೆ ಬರೋಣ, ನಮ್ಮನ್ನು ಸೋಲಿಸಿದ್ದು ಅದೇ. ಬೆಳಿಗ್ಗೆ ಬಿಸಿಲು ಏರಿದ ಹಾಗೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖ ಒಣ ಮಣ್ಣಿಗಿಂತ ಹೆಚ್ಚುಕಡಿಮೆ ನಾಲ್ಕು ಐದು ಪಟ್ಟು. ಜೊತೆಗೆ ಬಿಸಿಲು ನೀರಿನ ಆಳಕ್ಕೆ ಇಳಿದು ಹಂಚಿಹೋಗುತ್ತದೆ, ಅಲೆ ಕಲಕುತ್ತದೆ. ಹೊತ್ತು ಏರಿದಂತೆ ಮರಳ ಮೇಲಿನ ಗಾಳಿ ಬಿಸಿಯಾಗಿ ಹಗುರಾಗಿ ಎದ್ದು ಹೋಗುತ್ತದೆ. ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಅಂದರೆ ಕಡಲ ಗಾಳಿಯನ್ನು ಎಬ್ಬಿಸುವುದೂ ಒಂದು ಬಲೂನೇ, ಚೀಲ ಇಲ್ಲದ ಬಲೂನು. ನಾವು ಐದು ಮೀಟರ್ ಪ್ಲಾಸ್ಟಿಕ್ಕಿನಲ್ಲಿ ಮಾಡಲು ಹೊರಟದ್ದನ್ನು ಇಡೀ ಕಾರವಾರದ ದಂಡೆ ದಿನಾ ಮಾಡುತ್ತಿತ್ತು. ದೊಡ್ಡ ಬಲೂನು ಎದ್ದಿತು, ಅದರ ಗಾಳಿ ನಮ್ಮ ಚಿಕ್ಕದನ್ನು ಮಲಗಿಸಿತು.

ರಾತ್ರಿ ಇದೇ ತಿರುಗುಮುರುಗು. ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಉಳಿಯುತ್ತದೆ, ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಹಾಯಿ ದೋಣಿಯ ಕಾಲದಲ್ಲಿ ನಸುಕಿನ ನೆಲಗಾಳಿ ಹಿಡಿದು ಮೀನಿಗೆ ಹೋಗಿ, ಮಧ್ಯಾಹ್ನದ ಕಡಲ ಗಾಳಿಗೆ ಹಾಯಿ ಬಿಚ್ಚಿ ವಾಪಸು ಬರುತ್ತಿದ್ದರು. ಈಗ ಎಂಜಿನ್ ಇದೆ, ಆ ಲೆಕ್ಕ ಬೇಕಿಲ್ಲ. ಆದರೆ ಆ ಬಲೆಯ ಹಿರಿಯರಿಗೆ ಗಾಳಿಯ ಟೈಮ್‌ಟೇಬಲ್ ಇನ್ನೂ ಬಾಯಲ್ಲೇ ಇತ್ತು. ಮುಂಗಾರು ಕೂಡ ಬಹುಮಟ್ಟಿಗೆ ಇದರದ್ದೇ ಅಣ್ಣ. ಬಿಸಿಲಿಗೆ ಕಾದ ಇಡೀ ಭಾರತದ ನೆಲ, ಎದುರಿಗೆ ತಂಪಾದ ಹಿಂದೂ ಮಹಾಸಾಗರ. ದಿನದ ಬದಲು ಋತುವಿನ ಲೆಕ್ಕದಲ್ಲಿ ಬೀಸುತ್ತದೆ, ಭೂಮಿ ತಿರುಗುವುದರಿಂದ ದಾರಿ ಓರೆಯಾಗುತ್ತದೆ.

ಇನ್ನೊಂದು ಅನುಮಾನ ಎಲ್ಲರಿಗೂ ಬರುತ್ತದೆ. ಕಾರವಾರದ ಗಾಳಿ ಹಸಿ, ಅಂಟಂಟು, ಆದ್ದರಿಂದ ಭಾರ ಅಲ್ವಾ? ಅಲ್ಲ. ಹಸಿ ಗಾಳಿ ಒಣ ಗಾಳಿಗಿಂತ ಹಗುರ. ನೀರಿನ ಅಣುವಿನ ತೂಕ 18. ಗಾಳಿಯಲ್ಲಿ ಜಾಸ್ತಿ ಇರುವ ಸಾರಜನಕದ್ದು 28, ಆಮ್ಲಜನಕದ್ದು 32. ನೀರಿನಾವಿ ಬಂದು ಸೇರಿದಾಗ ಭಾರದ ಅಣುಗಳು ಜಾಗ ಬಿಡುತ್ತವೆ. ಸೆಕೆಯಲ್ಲಿ ನಮ್ಮ ಮೈ ಭಾರ ಅನಿಸುವುದು ಬೆವರು ಒಣಗದೆ ಇರುವುದರಿಂದ. ಅದು ಗಾಳಿಯ ತಪ್ಪಲ್ಲ.

ಇನ್ನು ಘಟ್ಟದ ಮೇಲಿನ ಕತೆ. ಜನವರಿಯಲ್ಲಿ ಶಿರಸಿ ಹತ್ತಿರದ ಒಂದು ಹಳ್ಳಿ ಶಾಲೆಯ ಅಕ್ಕೋರು ನಮ್ಮನ್ನು ಕರೆದರು. ಕಾರವಾರದ ನಾಲ್ಕು ಮಕ್ಕಳೂ ಪಾಲಕರ ಜೊತೆ ಹೊರಟರು. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ಥರ್ಮಾಮೀಟರ್ ಕಿಟಕಿಯ ಹೊರಗೆ ಹಿಡಿದುಕೊಂಡೇ ಕೂತಿದ್ದರು. ಕಿಲೋಮೀಟರ್ ಎತ್ತರಕ್ಕೆ ಸರಾಸರಿ ಆರೂವರೆ ಡಿಗ್ರಿ ತಂಪಾಗುತ್ತದೆ ಎಂದು ಪುಸ್ತಕದಲ್ಲಿದೆ. ಶಿರಸಿ ಇರುವುದು ಸುಮಾರು 590 ಮೀಟರ್ ಎತ್ತರದಲ್ಲಿ. ಅಂದರೆ ನಾಲ್ಕು ಡಿಗ್ರಿ ಇಳಿಯಬೇಕು. ನಮಗೆ ಹೆಚ್ಚುಕಡಿಮೆ ಅಷ್ಟೇ ಸಿಕ್ಕಿತು.

ಮೇಲೆ ಹೋದರೆ ಸೂರ್ಯನಿಗೆ ಹತ್ತಿರ ಆದ ಹಾಗಲ್ವಾ, ಮತ್ತೆ ಚಳಿ ಯಾಕೆ? ಒಳ್ಳೆಯ ಪ್ರಶ್ನೆ ಇದು, ದೊಡ್ಡವರು ಕೇಳಲು ನಾಚಿಕೊಳ್ಳುತ್ತಾರೆ. ಬಿಸಿಲು ಗಾಳಿಯನ್ನು ನೇರವಾಗಿ ಅಷ್ಟೇನೂ ಕಾಯಿಸುವುದಿಲ್ಲ. ಅದು ಕಾಯಿಸುವುದು ನೆಲವನ್ನು, ನೆಲ ಗಾಳಿಯನ್ನು ಕಾಯಿಸುತ್ತದೆ. ಒಲೆ ಕೆಳಗಿದೆ. ಇನ್ನೊಂದು ಕಾರಣ ಒತ್ತಡ. ನಮ್ಮ ತಲೆಯ ಮೇಲಿನ ಗಾಳಿಯ ಕಂಬ ಚದರ ಸೆಂಟಿಮೀಟರ್‌ಗೆ ಒಂದು ಕಿಲೋ ತೂಕದಿಂದ ಒತ್ತುತ್ತಿರುತ್ತದೆ. ಏರಿದಷ್ಟೂ ಮೇಲಿನ ಹೊರೆ ಕಮ್ಮಿ. ವಾತಾವರಣದ ಅರ್ಧ ತೂಕ ಐದೂವರೆ ಕಿಲೋಮೀಟರಿನ ಕೆಳಗೇ ಮುಗಿದುಹೋಗುತ್ತದೆ. ಹೊರೆ ಕಮ್ಮಿಯಾದಾಗ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ. ಸೈಕಲ್ ಪಂಪು ಒತ್ತಿದಾಗ ಬುಡ ಬಿಸಿಯಾಗುತ್ತದಲ್ಲ, ಇದು ಅದರ ಉಲ್ಟಾ.

ಮರುದಿನ ಬೆಳಿಗ್ಗೆ ಶಾಲೆಯ ಮೈದಾನ. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಅದರ ಮೇಲೆ ಇಬ್ಬನಿ. ಮನೆಗಳ ಬಚ್ಚಲೊಲೆಯ ಹೊಗೆ ನೆಟ್ಟಗೆ ಒಂದಷ್ಟು ಎದ್ದು, ಅಲ್ಲೇ ಯಾರೋ ಅಂಗೈ ಅಡ್ಡ ಹಿಡಿದ ಹಾಗೆ ಚಪ್ಪಟೆಯಾಗಿ ತೋಟದ ಮೇಲೆ ಹರಡಿತ್ತು. ಶಿರಸಿಯವರು ಇದನ್ನು ಚಳಿಗಾಲದಲ್ಲಿ ದಿನಾ ನೋಡುತ್ತಾರೆ. ಆಲೆಮನೆ ಹೊಗೆಯೂ ಹೀಗೇ ಮಲಗುತ್ತದೆ. ಅದನ್ನು ನೆನಪಿಟ್ಟುಕೊಳ್ಳಿ, ಈಗ ಬೇಕಾಗುತ್ತದೆ.

ಹೊರಗೆ 16 ಡಿಗ್ರಿ, ಗಾಳಿ ಒಂದಿಷ್ಟೂ ಇಲ್ಲ. ಚೀಲದ ಬಾಯಿ ಹಿಡಿದು ಮಕ್ಕಳು ಮೈದಾನದ ತುಂಬ ಓಡಿ ಗಾಳಿ ತುಂಬಿದರು. ಬಾಯಿ ಕಟ್ಟಿ ಬಿಸಿಲಿಗೆ ಇಟ್ಟೆವು. ಹತ್ತು ನಿಮಿಷಕ್ಕೆ ಮೈ ಬಿಗಿಯಾಯಿತು, ಒಳಗೆ 44 ಮುಟ್ಟಿತು. ಹಣೆ ಎತ್ತಿ, ಬೆನ್ನು ಎತ್ತಿ, ಒಂದು ಕ್ಷಣ ಬಾಲದ ಮೇಲೆ ನಿಂತು, ಸದ್ದಿಲ್ಲದೆ ನೆಲ ಬಿಟ್ಟಿತು. ಬರ್ನರ್ ಬಲೂನಿನ ಹಾಗೆ ಬುಸುಗುಟ್ಟುವುದಿಲ್ಲ. ಅದಕ್ಕೇ ಇರಬೇಕು, ಮಕ್ಕಳು ಮೊದಲು ಕಿರುಚಲಿಲ್ಲ. ಸುಮ್ನೆ ನೋಡುತ್ತಾ ನಿಂತರು.

ಕಾರವಾರದ್ದೇ ಅಳತೆಯ ಚೀಲ. ಬಿಸಿಲು ಅಲ್ಲಿನ ಮಧ್ಯಾಹ್ನಕ್ಕಿಂತ ಎಷ್ಟೋ ಕಮ್ಮಿ. ಒಳಗಿನ ಬಿಸಿಯೂ ನಾಲ್ಕು ಡಿಗ್ರಿ ಕಮ್ಮಿ. ಆದರೆ ವ್ಯತ್ಯಾಸ 28 ಡಿಗ್ರಿ. ಎತ್ತರದಿಂದಾಗಿ ಶಿರಸಿಯ ಗಾಳಿ ಸ್ವಲ್ಪ ತೆಳು, ಆ ನಷ್ಟ ಕಳೆದರೂ ಘನ ಮೀಟರ್‌ಗೆ 100 ಗ್ರಾಂ ಬಲ. ಒಟ್ಟು 880 ಗ್ರಾಂ, ಕಾರವಾರದ್ದಕ್ಕೆ ಸುಮಾರು ಎರಡು ಪಟ್ಟು.

ಈ ಬಲವನ್ನು ಕಣ್ಣಿಂದ ನೋಡಲು ಒಂದು ಸುಲಭ ಉಪಾಯ ಇದೆ. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟುವುದು. ನೆಲದ ಹತ್ತಿರ ಇದ್ದಾಗ ಅದು 360 ಗ್ರಾಂ ತೋರಿಸಿತು. ಚೀಲದ ತೂಕ ಕಳೆದು ಉಳಿದ ಬಲ ಅದು. ದಾರ ಬಿಡುತ್ತಾ ನಲವತ್ತು ಮೀಟರ್ ಏರಿಸಿದಾಗ 270ಕ್ಕೆ ಇಳಿಯಿತು. ದಾರದ ತೂಕ ಇಪ್ಪತ್ತು ಗ್ರಾಂ. ಉಳಿದ ಎಪ್ಪತ್ತು ಎಲ್ಲಿ ಹೋಯಿತು?

ಬಲೂನಿಗೆ ಕಟ್ಟಿದ್ದ ಚಿಕ್ಕ ಥರ್ಮಾಮೀಟರ್ ಇಳಿಸಿ ನೋಡಿದೆವು. ಮೇಲೆ 18 ಡಿಗ್ರಿ ಇತ್ತು. ಕೆಳಗೆ 16! ಮೇಲೆ ಹೋದರೆ ತಂಪು ಎಂದು ನಿನ್ನೆಯಷ್ಟೇ ಘಟ್ಟದಲ್ಲಿ ಕಲಿತ ಮಕ್ಕಳು ನನ್ನ ಮುಖ ನೋಡಿದರು. ಚಳಿಗಾಲದ ತಿಳಿ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಅದನ್ನು ಮುಟ್ಟಿದ ಗಾಳಿಯೂ ತಣಿಯುತ್ತದೆ. ತಣಿದ ಗಾಳಿ ಭಾರ, ಗುಡ್ಡದ ಮೈಮೇಲಿಂದ ಜಾರಿ ಕಣಿವೆಯಲ್ಲಿ ಬಂದು ಕೂರುತ್ತದೆ, ಕೆರೆಯ ನೀರಿನ ಹಾಗೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿದಂತೆ ನಿಲ್ಲುತ್ತದೆ. ಇದಕ್ಕೆ ತಾಪ ವಿಲೋಮ ಎನ್ನುತ್ತಾರೆ. ಹೆಸರು ಏನಾದರೂ ಇರಲಿ, ಬಚ್ಚಲೊಲೆಯ ಹೊಗೆ ಚಪ್ಪಟೆಯಾದದ್ದು ಇದೇ ಮುಚ್ಚಳಕ್ಕೆ. ಸುತ್ತಲಿನ ಗಾಳಿಯಷ್ಟೇ ತಣ್ಣಗಾದ ಮೇಲೆ ಹೊಗೆಗೆ ಏರಲು ಕಾರಣ ಉಳಿಯುವುದಿಲ್ಲ. ಬಲೂನಿನ ಹೊರಗೆ ಎರಡು ಡಿಗ್ರಿ ಬೆಚ್ಚಗಾದದ್ದಕ್ಕೇ ಎಪ್ಪತ್ತು ಗ್ರಾಂ ಹೋಯಿತು. ದೊಡ್ಡ ಊರುಗಳಲ್ಲಿ ಚಳಿಗಾಲದಲ್ಲಿ ಹೊಗೆ ಕದಲದೆ ನಿಂತು ಉಸಿರು ಕಟ್ಟಿಸುವುದೂ ಇಂಥದೇ ಮುಚ್ಚಳದ ಕೆಳಗೆ.

ಹತ್ತೂವರೆ ಹೊತ್ತಿಗೆ ಕಣಿವೆಯ ಹೊಗೆ ಎದ್ದು ಚದುರಿತು. ನೆಲ ಕಾದಿತ್ತು, ಮುಚ್ಚಳ ಒಡೆದಿತ್ತು. ಬಿಸಿಲು ಚುರುಕಾಯಿತು, ಆದರೆ ತಕ್ಕಡಿಯ ಮುಳ್ಳು ಇಳಿಯುತ್ತಾ ಹೋಯಿತು. ಹೊರಗಿನ ಗಾಳಿಯೂ ಕಾಯುತ್ತಿತ್ತು, ಸಣ್ಣಗೆ ಬೀಸಲೂ ಶುರುವಾಗಿತ್ತು. ಒಂದು ತುಣುಕು ಮೋಡ ಸೂರ್ಯನಿಗೆ ಅಡ್ಡ ಬಂದಾಗ ಬಲೂನು ಉಸಿರು ಬಿಟ್ಟ ಹಾಗೆ ಕುಗ್ಗಿ, ಅರ್ಧ ನಿಮಿಷದಲ್ಲಿ ಮೈದಾನಕ್ಕೆ ಇಳಿದು ಕೂತಿತು.

ಆ ಮೋಡವೂ ಒಂದು ಬಲೂನೇ. ನೆಲದಿಂದ ಎದ್ದ ಬಿಸಿ ಗಾಳಿ ಏರುತ್ತಾ ತಣಿಯುತ್ತದೆ, ಒಂದು ಎತ್ತರದಲ್ಲಿ ಅದರ ಆವಿ ಹನಿಯಾಗುತ್ತದೆ. ಆವಿ ಹನಿಯಾಗುವಾಗ ಶಾಖ ಹೊರಬರುತ್ತದೆ. ಕಡಲಲ್ಲಿ ನೀರನ್ನು ಆವಿ ಮಾಡಲು ಸೂರ್ಯ ಖರ್ಚು ಮಾಡಿದ ಶಾಖವೇ ಇಲ್ಲಿ ವಾಪಸು ಬರುವುದು. ಹಾಗಾಗಿ ಮೋಡ ತನ್ನ ಒಲೆಯನ್ನು ತಾನೇ ಹೊತ್ತುಕೊಂಡು ಏರುವ ಬಲೂನು. ಗುಡುಗಿನ ಮೋಡ ಹದಿನೈದು ಕಿಲೋಮೀಟರಿನವರೆಗೂ ಬೆಳೆಯುವುದು ಈ ಒಲೆಯಿಂದ. ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಹಸಿ ಗಾಳಿಯನ್ನು ಏರಿಸಲು ಬಿಸಿಲೂ ಬೇಕಿಲ್ಲ, ಘಟ್ಟವೇ ಅಡ್ಡ ನಿಂತು ಮೇಲಕ್ಕೆ ತಳ್ಳುತ್ತದೆ. ದೇವಿಮನೆಯಲ್ಲಿ, ಅಣಶಿಯಲ್ಲಿ ಸುರಿದು ಮುಗಿಸಿ ಅದೇ ಗಾಳಿ ಮುಂಡಗೋಡಿಗೆ ಇಳಿಯುವಾಗ ಅಲ್ಲಿ ಕಾರವಾರದ ಅರ್ಧದಷ್ಟೂ ಮಳೆ ಉಳಿದಿರುವುದಿಲ್ಲ. ಒಂದೇ ಜಿಲ್ಲೆಯಲ್ಲಿ ಇಷ್ಟು ಅಂತರ!

ರಾತ್ರಿ ಸೌರ ಬಲೂನು ಏನಾಗುತ್ತದೆ? ಬೀಳುತ್ತದೆ, ಸಾಮಾನ್ಯವಾಗಿ. ಆದರೆ ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ 1970ರ ದಶಕದಲ್ಲೇ ಬೀಳದ ಒಂದನ್ನು ಮಾಡಿತು. ಹಗಲು ಬಿಸಿಲಿನಿಂದ ಹಾರುತ್ತಿತ್ತು. ರಾತ್ರಿ ಭೂಮಿ ಕೆಳಗಿನಿಂದ ಹೊರಬಿಡುವ ಕಣ್ಣಿಗೆ ಕಾಣದ ಶಾಖಕಿರಣ ಹೀರಿ ಮೇಲೆಯೇ ಉಳಿಯುತ್ತಿತ್ತು. ಹೀಗೆ ವಾರಗಟ್ಟಲೆ ವಾಯುಮಂಡಲದಲ್ಲಿ ತೇಲಿದ್ದಿದೆ. ಶಿರಸಿಯ ಕಣಿವೆ ತಣ್ಣಗಾದದ್ದೂ ಇದೇ ಶಾಖಕಿರಣ ಹೊರಗೆ ಹೋದದ್ದರಿಂದ. ಮೋಡ ಕವಿದ ರಾತ್ರಿ ಅದು ಹೋಗಲಾರದೆ ತಿರುಗಿ ಬರುತ್ತದೆ, ನಮಗೆ ಸೆಕೆಯಾಗುತ್ತದೆ. ಇಂಗಾಲದ ಡೈಆಕ್ಸೈಡ್ ಮಾಡುವುದೂ ಹೆಚ್ಚುಕಡಿಮೆ ಈ ಮೋಡದ ಕೆಲಸವನ್ನೇ, ಆದರೆ ಅದು ಬೆಳಗಾದ ಮೇಲೆ ಚದುರುವುದಿಲ್ಲ. ಹಸಿರುಮನೆ ಪರಿಣಾಮವನ್ನು ನಾನು ಹಿಂದೆ ಎಷ್ಟೋ ಸಲ ಗಾಜಿನ ಮನೆಯ ಚಿತ್ರ ಬರೆದು ಹೇಳಿದ್ದೇನೆ. ರಾತ್ರಿಯೂ ಬೀಳದ ಬಲೂನು ಎಂದು ಹೇಳಿದಾಗ ಮಕ್ಕಳಿಗೆ ಬೇಗ ತಲೆಗೆ ಹೋಯಿತು.

ನೀವೂ ಮಾಡಿ ನೋಡುವುದಾದರೆ ಒಂದು ಮಾತು, ಇದರಲ್ಲಿ ನಾನು ಕಟ್ಟುನಿಟ್ಟು. ದಾರ ಕಟ್ಟದೆ ಹಾರಿಸಬೇಡಿ. ದಾರವಿಲ್ಲದೆ ಏರಿದ ಬಲೂನು ಎಲ್ಲೋ ಬೀಳಲೇಬೇಕು, ನಮ್ಮ ಕಡೆ ಬೀಳುವುದು ಕಡಲಿಗೆ ಅಥವಾ ಕಾಡಿಗೆ. ಹೊನ್ನಾವರ, ಕಾರವಾರದ ಮರಳಲ್ಲಿ ಮೊಟ್ಟೆಯಿಡಲು ಆಲಿವ್ ರಿಡ್ಲೆ ಆಮೆ ಬರುತ್ತದೆ. ನೀರಲ್ಲಿ ತೇಲುವ ಪ್ಲಾಸ್ಟಿಕ್ಕನ್ನು ಕಡಲಾಮೆಗಳು ಅಂಬಲಿ ಮೀನು (ಜೆಲ್ಲಿಫಿಶ್) ಅಂದುಕೊಂಡು ತಿನ್ನುತ್ತವೆ. ಕಾರವಾರದಲ್ಲಿ ನೌಕಾನೆಲೆ ಇದೆ, ಆಚೆ ಕೈಗಾ ಅಣುಸ್ಥಾವರ. ಮೊದಲೇ ಪೊಲೀಸರಿಗೆ ಹೇಳಿ ಒಪ್ಪಿಗೆ ತಗೊಳ್ಳದೆ ದಾರ ಕಟ್ಟಿದ್ದನ್ನೂ ಏರಿಸಬಾರದು. ಕರೆಂಟ್ ತಂತಿ, ರೈಲು ಹಳಿ ದೂರ ಇರಲಿ. ದಾರ ಹತ್ತಿಯದಾಗಲಿ, ಲೋಹದ್ದು ಬೇಡವೇ ಬೇಡ.

ಕರಿ ಪ್ಲಾಸ್ಟಿಕ್ ಸಿಗದಿದ್ದರೆ ಅಮೆರಿಕದ ವಿಜ್ಞಾನಿಗಳ ಒಂದು ಉಪಾಯ ಇದೆ. ಅವರು ಮನೆಗೆ ಬಣ್ಣ ಬಳಿಯುವಾಗ ಹಾಸುವ ತೆಳು ಪಾರದರ್ಶಕ ಪ್ಲಾಸ್ಟಿಕ್ ತಗೊಂಡು, ಟೇಪು ಅಂಟಿಸಿ, ಇದ್ದಿಲ ಪುಡಿ ಹಾಕಿ ಕುಲುಕಿ ಕಪ್ಪು ಮಾಡುತ್ತಾರೆ. ಅಂಥ ಬಲೂನು 20 ಕಿಲೋಮೀಟರ್ ಎತ್ತರಕ್ಕೆ ಹೋಗಿ, ಮನುಷ್ಯರ ಕಿವಿಗೆ ಕೇಳದ ತಗ್ಗು ಸದ್ದುಗಳನ್ನು ಹಿಡಿದು ತಂದಿದೆ. ಶಿರಸಿಯ ಮಕ್ಕಳು ತೋಟದ ಕೊಟ್ಟೆಗೆ ಬಚ್ಚಲೊಲೆಯ ಇದ್ದಿಲು ಬಳಿದು ನೋಡಿದರು. ಚೀಲ ಕಪ್ಪಾಯಿತು, ಮಕ್ಕಳು ಅದಕ್ಕಿಂತ ಕಪ್ಪಾದರು. ಚೀಲ ಏರಿತೇ? ಮೊಣಕಾಲಿನ ಎತ್ತರಕ್ಕೆ. ಕೊಟ್ಟೆಗಳು ಚಿಕ್ಕವು, ಜೋಡಿಸಲು ಟೇಪು ಜಾಸ್ತಿ ಹಿಡಿಯಿತು.

ಫೆಬ್ರವರಿಯಲ್ಲಿ ಮತ್ತೆ ಕಾರವಾರ, ಅದೇ ತೀರ, ಈ ಸಲ ಬೆಳಿಗ್ಗೆ ಎಂಟಕ್ಕೆ. ಕಾವಿ ಬಳ್ಳಿಯ ಬಲೂನಿಗೆ ಬಿಸಿಲು ಹಿಡಿಯಲು ಇಪ್ಪತ್ತು ನಿಮಿಷ ಬೇಕಾಯಿತು. ಶಿರಸಿಯಷ್ಟು ಜೋರಾಗಿ ಎಳೆಯಲಿಲ್ಲ, ಆದರೆ ಎದ್ದಿತು. ತೆಂಗಿನ ಮರದ ಎತ್ತರ ದಾಟಿದ ಮೇಲೆ ನಿಧಾನಕ್ಕೆ ನೀರಿನ ಕಡೆಗೆ ವಾಲಿತು. ಬಲೆಯ ಹಿರಿಯರು ಅವತ್ತೂ ಅಲ್ಲೇ ಇದ್ದರು.

“ದಾರ ಗಟ್ಟಿ ಹಿಡಿ ತಂಗಿ. ಈಗ ನೆಲಗಾಳಿ, ಕಡಲಿಗೆ ಎಳೀತದೆ.”

ದಾರ ಹಿಡಿದಿದ್ದ ಹುಡುಗಿ ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳಿದಳು: “ಗೊತ್ತು ಅಜ್ಜ. ಸ್ವಲ್ಪ ಹೊತ್ತಿಗೆ ನಿಲ್ತದೆ. ಆಮೇಲೆ ಈ ಕಡೆ ಬರ್ತದೆ, ಅಷ್ಟರೊಳಗೆ ಇಳಿಸ್ತೇವೆ.”